ಮೀನಿಗೆ ಮೊಸರು

ಕೊರಮೀನು ಸತ್ತ ಮೇಲೂ ಕೈಗೆ ಸಿಗುತ್ತಿರಲಿಲ್ಲ. ಬೂದಿ ಹಚ್ಚಿ ಒರಟು ಕಲ್ಲಿನ ಮೇಲೆ ತಿಕ್ಕಿದಷ್ಟೂ ಲೋಳೆ ಬಿಡುತ್ತಿತ್ತು, ಬಿಟ್ಟಷ್ಟೂ ಸೊಣ್ಣಪ್ಪನಿಗೆ ಒಳಗೊಳಗೇ ಹುರುಪು ಏರುತ್ತಿತ್ತು. ನಿದ್ದೆ ಸರಿಯಾಗಿ ಆಗಿರಲಿಲ್ಲ, ಆದರೂ ಕಣ್ಣು ಉರಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸೋದರಮಾವ ಲಕ್ಷ್ಮಯ್ಯ ನಡೆಸುವ ಮಿಲಿಟರಿ ಹೋಟೆಲಿನ ಹಿತ್ತಿಲಲ್ಲಿ ಅವನು ಕುಕ್ಕರುಗಾಲಲ್ಲಿ ಕೂತಿದ್ದ. ದೊಡ್ಡಬಳ್ಳಾಪುರ ಇನ್ನೂ ಪೂರ್ತಿ ಎದ್ದಿರಲಿಲ್ಲ. ಮಗ್ಗದ ಸದ್ದು ಮಾತ್ರ ಆಗಲೇ ಶುರುವಾಗಿತ್ತು, ಗೋಡೆಯಾಚೆ ಯಾರೋ ತನ್ನ ಎದೆಯನ್ನೇ ಬಡಿಯುತ್ತಿರುವ ಹಾಗೆ. ಮೀನಿನ ಬೆನ್ನುಮುಳ್ಳನ್ನು ಈಳಿಗೆಮಣೆಗೆ ಕೊಟ್ಟು ಎರಡು ಕಡೆಯ ಮಾಂಸವನ್ನು ಬಿಡಿಸಿದ. ಇದಕ್ಕೇ ಕೊರಮೀನು ಬೇಕು ಅಂತ ಅವನು ಹಟ ಹಿಡಿದಿದ್ದು. ಗೆಂಡೆಮೀನಾದರೆ ಎಲ್ಲೆಲ್ಲೂ ಮುಳ್ಳು, ತಿನ್ನುವವನ ಗಮನವೆಲ್ಲ ಗಂಟಲ ಮೇಲೇ. ಇದು ಹಾಗಲ್ಲ. ನೆಲ್ಲಿಕಾಯಿ ಗಾತ್ರಕ್ಕೆ ಹೆಚ್ಚಿದರೆ ಬಾಯಿಗೆ ಒಂದು, ಭಯವಿಲ್ಲ. ಭಯವಿಲ್ಲ ಅನ್ನುವ ಮಾತು ಮನಸ್ಸಿಗೆ ಬಂದದ್ದೇ ಅವನು ಕತ್ತೆತ್ತಿ ಗೂಟಕ್ಕೆ ನೇತುಹಾಕಿದ್ದ ಬಟ್ಟೆಯ ಗಂಟನ್ನು ನೋಡಿದ. ಮೊಸರಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಹಿಂದಿನ ಸಂಜೆ ಮಾವ ಎಲೆಅಡಿಕೆಯನ್ನು ದವಡೆಗೆ ತಳ್ಳಿಕೊಂಡು ಹೇಳಿದ್ದ: "ನಾಳೆ ಸಂತೆ. ನಾಳೆ ಒಂದಿನ ಮುಂದಿನ ಒಲೆ ನಿಂಗೆ ಬಿಡ್ತೀನಿ. ಜನ ಆ ಮೊಸರು ಮುಟ್ಟಿದ್ರೆ ಒಲೆ ನಿಂದೇ ಅಂತ ಇಟ್ಕೋ. ಮುಟ್ಟದಿದ್ರೆ ಬಾಯ್ಮುಚ್ಕಂಡು ಎಲೆ ಎತ್ತಬೇಕು. ಬೆಂಗ್ಳೂರು ಕ್ಲಬ್ಬು ಗಿಬ್ಬು ಅಂತ ನನ್ ತಾವ ಇನ್ನೊಂದ್ಸಲ ಬರಬಾರ್ದು."

"ಮುಟ್ತಾರೆ ಮಾವ."

"ಹೆಂಗ್ ಮುಟ್ತಾರೋ? ನಿಮ್ಮವ್ವ ಇವತ್ತಿಗೂ ಮೀನು ತಂದ ದಿನ ಮೊಸರಿನ ಗಡಿಗೆನ ಪಕ್ಕದ ಮನೇಲಿ ಇಟ್ಬರ್ತಾಳೆ."

ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇಬ್ಬರೂ ಹಿತ್ತಿಲ ಬಾಗಿಲಿಗೆ ಇಳಿಬಿಟ್ಟ ಗೋಣಿತಾಟಿನ ಕಡೆ ನೋಡಲಿಲ್ಲ. ಅದರಾಚೆ ಸೊಣ್ಣಪ್ಪನ ತಂಗಿ ಕದಿರಮ್ಮ ಖಾರ ರುಬ್ಬುತ್ತಿದ್ದಳು.

ಈಗಲೂ ರುಬ್ಬುತ್ತಿದ್ದಳು. ಗುಂಡುಕಲ್ಲು ತಿರುಗಿಸುವ ಬಲಗೈ ಎಲ್ಲರ ಕೈಯ ಹಾಗೆ ಕಪ್ಪು; ಖಾರವನ್ನು ಒರಳಿಗೆ ನೂಕುವ ಎಡಗೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಬಿಳಿ, ಉಗುರಿನ ಸುತ್ತ ತೆಳು ಗುಲಾಬಿ. ಗುಂಟೂರು ಮೆಣಸಿನಕಾಯಿ, ಧನಿಯ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣು. ಆ ಕೆಂಪಿನಲ್ಲಿ ಆ ಕೈ ಮುಳುಗಿದಾಗ ಮಾತ್ರ ಎರಡೂ ಕೈ ಒಂದೇ ಬಣ್ಣವಾಗುತ್ತಿದ್ದವು. ಈ ಹೋಟೆಲಿನ ಸಾರಿಗೆ ಹಿಂದೂಪುರದ ಲಾರಿಯವರೂ ನಿಲ್ಲಿಸಿ ಉಣ್ಣುತ್ತಾರೆ. ಸಾರಿನ ರುಚಿ ಇವಳದು. ಆದರೆ ಇವಳು ಗೋಣಿತಾಟು ದಾಟಿ ಈಚೆ ಬರುವ ಹಾಗಿಲ್ಲ. ಮಾವ ಅದನ್ನು ಬಾಯಿಬಿಟ್ಟು ಯಾವತ್ತೂ ಹೇಳಿರಲಿಲ್ಲ. ಇವಳು ಬಂದ ವಾರದಲ್ಲೇ ಹೊಸ ಗೋಣಿ ತಂದು ಬಾಗಿಲಿಗೆ ಹೊಡೆದಿದ್ದ, ಅಷ್ಟೆ. ಅದನ್ನು ಕಂಡಾಗಲೆಲ್ಲ ಸೊಣ್ಣಪ್ಪನಿಗೆ ಕಿತ್ತು ಒಲೆಗೆ ಹಾಕಬೇಕು ಅನ್ನಿಸುತ್ತಿತ್ತು. ಹಾಕಿರಲಿಲ್ಲ. ದಿನಾ ಅದನ್ನೇ ಎತ್ತಿ, ಅದೇ ಗೋಣಿಗೆ ಕೈ ಒರೆಸಿಕೊಂಡು ಓಡಾಡುತ್ತಿದ್ದ.

ಅಣ್ಣತಂಗಿ ಬೆಳೆದ ಸಾಸಲಿನ ಮನೆಯಲ್ಲಿ ಬಾಗಿಲಿಗೆ ಗೋಣಿ ಇರಲಿಲ್ಲ, ನೆಲುವು ಇತ್ತು. ನೆಲುವಿನಲ್ಲಿ ಮೊಸರಿನ ಗಡಿಗೆ. ಕೆರೆ ಬತ್ತಿ ಊರೆಲ್ಲ ಮೀನು ತಂದ ದಿನ ಅದು. ಅವ್ವ ದ್ಯಾವಮ್ಮ ಕಳೆ ಕೀಳಲು ಹೋಗಿದ್ದಳು. ಮೀನುಸಾರು ಉಂಡ ಕದಿರಿ ಖಾರಕ್ಕೆ ನಾಲಗೆ ಚಾಚಿಕೊಂಡು ಅಳುತ್ತಿದ್ದಳು, ಅಷ್ಟುದ್ದದ ಮಗು. ಸುಮ್ಮನಾಗಲಿ ಅಂತ ಹುಡುಗ ಸೊಣ್ಣಪ್ಪ ಒರಳಿನ ಮೇಲೆ ಹತ್ತಿ ಗಡಿಗೆ ಇಳಿಸಿ, ಬೆರಳಲ್ಲಿ ಮೊಸರು ತೆಗೆದು ಅವಳ ಬಾಯಿಗಿಟ್ಟಿದ್ದ. ಅವಳು ನಕ್ಕಿದ್ದಳು. ಮೂಗಿನಲ್ಲಿ ಸಿಂಬಳ, ತುಟಿಯಲ್ಲಿ ಮೊಸರು, ಆ ನಗು. ಮುಂದಿನ ಸುಗ್ಗಿಗೆ ಅವಳ ಕಿರುಬೆರಳಿನಲ್ಲಿ ಅವರೆಕಾಳಿನಷ್ಟು ಬಿಳಿ ಕಂಡಿತು. ಮೀನು ತಿಂದ ಬಾಯಿಗೆ ಮೊಸರು ಬಿದ್ದರೆ ತೊನ್ನು ಬರುತ್ತೆ ಅಂತ ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತಿತ್ತು, ಅಳು ಕೇಳಿ ಮರೆತಿದ್ದ. ಅವ್ವ ಹೊಡೆಯಲಿಲ್ಲ. ಹೊಡೆದಿದ್ದರೆ ಅವತ್ತಿಗೇ ಮುಗಿಯುತ್ತಿತ್ತೇನೋ. ಬಂದವರಿಗೆಲ್ಲ "ನನ್ ಮಗ ಗೊತ್ತಿಲ್ದೆ ಉಣ್ಣಿಸ್ಬಿಟ್ಟ" ಅನ್ನುತ್ತಿದ್ದಳು, ಅವನ ತಲೆ ಸವರುತ್ತ. ಆ ಸವರುವ ಕೈಯನ್ನು ಕಚ್ಚಬೇಕು ಅನ್ನಿಸುತ್ತಿತ್ತು. ಇಸ್ಕೂಲಿನಲ್ಲಿ ಹಿಂದಿನ ಬೆಂಚಿನವನು "ತಂಗೀಗೆ ಸುಣ್ಣ ಹೊಡ್ದೋನು" ಅಂದ. ಸೊಣ್ಣಪ್ಪ ಸ್ಲೇಟಿನ ಕಟ್ಟಿನಿಂದ ಅವನ ಹಣೆ ಒಡೆದ. ಮೇಷ್ಟ್ರು ಒಡೆದ ಹಣೆಯನ್ನು ನೋಡಿದರೇ ಹೊರತು ಯಾಕೆ ಅಂತ ಕೇಳಲಿಲ್ಲ. ಅವತ್ತು ಹೊರಗೆ ಬಂದವನು ಮತ್ತೆ ಇಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ.

"ಅಣ್ಣ, ಖಾರ ನೋಡು, ಸಣ್ಣಗಾಯ್ತಾ?" ಕದಿರಮ್ಮ ಕೇಳಿದಳು.

ಅವನು ಬೆರಳಿನಿಂದ ಉಜ್ಜಿ ನೋಡಿದ. "ಇನ್ನೊಂದು ಸುತ್ತು ಕಣೇ. ತರಿ ಇದ್ರೆ ಕಾವಲಿ ಮೇಲೆ ಉದುರೋಗುತ್ತೆ. ಮೀನಿಗೆ ಅಂಟ್ಕೋಬೇಕು, ಚರ್ಮದಂಗೆ."

ಚರ್ಮ ಅಂದದ್ದು ತಪ್ಪಾಯಿತು ಅನ್ನಿಸಿತು. ಅವಳಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಗುಂಡು ತಿರುಗಿತು.

ಅವನು ಗಂಟು ಬಿಚ್ಚಿದ. ಮೊಸರು ನೀರೆಲ್ಲ ಬಿಟ್ಟು ಗಟ್ಟಿಯಾಗಿ, ಬಟ್ಟೆಯ ನೇಯ್ಗೆಯ ಗುರುತನ್ನು ಮೈಮೇಲೆ ಹೊತ್ತು, ಹೊಸದಾಗಿ ಸಾರಿಸಿದ ನೆಲದಷ್ಟು ನುಣ್ಣಗೆ ಕೂತಿತ್ತು. ಅದಕ್ಕೆ ಹಾಲಿನ ಕೆನೆ ಹಾಕಿ ಕಡೆದ. ಸೌತೆಕಾಯಿ ತುರಿದು ಹಿಂಡಿ ಬೆರೆಸಿದ, ಪುದೀನ ಕೈಯಲ್ಲೇ ಹರಿದು ಹಾಕಿದ, ಉಪ್ಪು, ಒಂದು ಹಸಿಮೆಣಸಿನಕಾಯಿಯ ವಾಸನೆ ಮಾತ್ರ. ಒದ್ದೆ ಮರಳಿನಲ್ಲಿ ಕತ್ತಿನವರೆಗೆ ಹೂತಿದ್ದ ಎರಡು ಮಡಕೆಗಳಿಗೆ ಸುರಿದ. ಮಡಕೆಯ ಬಾಯಿಗೆ ಕೈ ಅಡ್ಡ ಹಿಡಿದರೆ ತಂಪು ಮುಟ್ಟುತ್ತಿತ್ತು. ಒಂದು ತುಂಡು ಮೀನನ್ನು ಹಿತ್ತಿಲ ಒಲೆಯ ಮೇಲೆ ಸುಟ್ಟು ಬಾಯಿಗೆ ಹಾಕಿಕೊಂಡ: ಖಾರ ಸರಿ. ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸಿ ಉಗಿದ, ಇನ್ನೊಂದು ಸಲ ಮುಕ್ಕಳಿಸಿದ, ಆಮೇಲೆ ಮೊಸರನ್ನು ನೆಕ್ಕಿದ: ಉಪ್ಪು ಸರಿ.

ಕದಿರಮ್ಮ ನೋಡುತ್ತಿದ್ದಳು. "ಮಧ್ಯ ಯಾಕೆ ಬಾಯಿ ತೊಳ್ಕೊಂಡೆ?"

"ರುಚಿ ಬ್ಯಾರೆ ಬ್ಯಾರೆ ಗೊತ್ತಾಗಬೇಕಲ್ಲ. ನಿಂಗೇನ್ ಗೊತ್ತು ಅಡಿಗೆ ಮರ್ಮ."

"ಓಹೋ," ಅಂದಳು ಅವಳು. "ಕ್ಲಬ್ಬಿನ ಬಟ್ಲರು ಮಾತಾಡ್ತಾವ್ರೆ."

ಬಟ್ಲರು. ಬೆಂಗಳೂರಿನ ದಂಡಿನ ಕಡೆ ಒಂದು ಕ್ಲಬ್ಬಿನ ಅಡಿಗೆಮನೆಯಲ್ಲಿ ಅವನು ತಟ್ಟೆ ತೊಳೆಯುತ್ತಿದ್ದಾಗ, ಒಂದು ಸಂಜೆ ಒಳಗಿನಿಂದ ಬಂದ ಎಂಜಲು ತಟ್ಟೆಯಲ್ಲಿ ಸುಟ್ಟ ಮೀನಿನ ತುಂಡುಗಳು ಉಳಿದಿದ್ದವು, ಪಕ್ಕದಲ್ಲಿ ಬೆಳ್ಳಗೆ ತಣ್ಣಗೆ ಏನೋ. ಮೀನಿನ ಪಕ್ಕದಲ್ಲಿ ಮೊಸರು. ದೊಡ್ಡ ದೊಡ್ಡವರು ನಗುನಗುತ್ತಾ ತಿಂದು ಬಿಟ್ಟ ಮೊಸರು. ಅವನ ಕೈ ತಾನಾಗಿ ಅದ್ದಿತು. ಬಾಯಲ್ಲಿ ಮೊದಲು ಬೆಂಕಿ, ಅದರ ಮೇಲೆ ತಂಪು, ತಂಪಿನ ಅಡಿಯಿಂದ ಮತ್ತೆ ಬೆಂಕಿ. ಆಗಲೇ ಬಟ್ಲರು ಹಿಂದಿನಿಂದ ಕುತ್ತಿಗೆಪಟ್ಟಿ ಹಿಡಿದ. ಆ ತಟ್ಟೆಯನ್ನು ಅವನ ಕೈಗೇ ಕೊಟ್ಟು, ಎಲ್ಲ ಆಳುಗಳೂ ಮನೆಗೆ ಹೋಗುವವರೆಗೆ ಬಾಗಿಲ ಬಳಿ ನಿಲ್ಲಿಸಿದ. ಹೋಗುವವರು ಒಬ್ಬೊಬ್ಬರಾಗಿ ನೋಡಿ ಹೋದರು. ಆದರೆ ಸೊಣ್ಣಪ್ಪನಿಗೆ ಆ ಅವಮಾನ ಅರ್ಧಂಬರ್ಧ ನೆನಪು. ಅವತ್ತು ಅವನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಮಾರನೆಯ ಬೆಳಗಿನಿಂದ ಅವನು ಒಡೆದ ಕನ್ನಡಿ ಹಿಡಿದು ಬಚ್ಚಲಲ್ಲಿ ತನ್ನ ಮೈ ನೋಡಿಕೊಳ್ಳತೊಡಗಿದ. ಬೆರಳ ಸಂದಿ, ತುಟಿಯ ಅಂಚು, ಕಿವಿಯ ಹಿಂದೆ. ಚಳಿ ಹೋಗಿ ಬಿಸಿಲು ಬಂತು, ಬಿಸಿಲು ಹೋಗಿ ಮಳೆ ಬಂತು. ಏನೂ ಬರಲಿಲ್ಲ. ಒಂದು ದಿನ ಕನ್ನಡಿಯನ್ನು ಬಚ್ಚಲ ಕಲ್ಲಿಗೆ ಕುಕ್ಕಿ ಪುಡಿ ಮಾಡಿದ, ಕುಣಿಯುವಷ್ಟು ಸಂತೋಷ, ಕೊಲ್ಲುವಷ್ಟು ಸಿಟ್ಟು. ಸುಳ್ಳು. ಅವ್ವ ಹೇಳಿದ್ದು, ಊರು ಹೇಳಿದ್ದು ಎಲ್ಲ ಸುಳ್ಳು. ನಾನು ಮಾಡಿದ್ದಲ್ಲ. ಆ ವಾರವೇ ಕೆಲಸ ಬಿಟ್ಟು ಬಸ್ಸು ಹತ್ತಿದ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಬಾಯಿಗೇ ಇಡಬೇಕು, ಒಬ್ಬೊಬ್ಬರ ಬಾಯಿಗೆ. ಸಂತೆಗೆ ಬಂದ ಜನವೆಲ್ಲ ಮೀನನ್ನು ಮೊಸರಲ್ಲಿ ಅದ್ದಿ ತಿಂದು ನೆಟ್ಟಗೆ ಮನೆಗೆ ಹೋದರೆ, ಆಮೇಲೆ ಯಾವ ದ್ಯಾವಮ್ಮ ಯಾರ ತಲೆ ಸವರುತ್ತಾಳೆ ನೋಡೋಣ.

ಹೊತ್ತು ಏರುವ ಹೊತ್ತಿಗೆ ಮುಂದಿನ ಒಲೆಯ ಮೇಲೆ ಕಾವಲಿ ಹೊಗೆಯಾಡುತ್ತಿತ್ತು. ಕಡಲೆಕಾಯಿ ಎಣ್ಣೆ ತೆಳ್ಳಗೆ ಸವರಿ, ಖಾರ ಮೆತ್ತಿದ ತುಂಡುಗಳನ್ನು ಒಂದೊಂದಾಗಿ ಇಟ್ಟ. ಸುಯ್ ಅನ್ನುವ ಸದ್ದಿಗೆ ಬೀದಿಯಲ್ಲಿ ಹೋಗುವವರ ತಲೆ ತಿರುಗಿತು. ಮುಟ್ಟಬಾರದು, ಅಲುಗಾಡಿಸಬಾರದು, ಅಡಿ ಕಪ್ಪಾಗಿ ತಾನಾಗಿ ಕಾವಲಿ ಬಿಡುವವರೆಗೆ ಕಾಯಬೇಕು. ಕಾಯುವುದು ಅವನ ಮೈಯಲ್ಲಿ ಇರಲಿಲ್ಲ, ಆದರೂ ಕಾದ. ಸಟ್ಟುಗದಿಂದ ಮಗುಚಿದಾಗ ಮೇಲೆದ್ದ ಘಾಟಿಗೆ ಗಲ್ಲಾದಲ್ಲಿ ಕೂತ ಮಾವನೂ ಕೆಮ್ಮಿದ. ಕೆಮ್ಮಿ, ಮೂಗು ಅಗಲಿಸಿ ಇನ್ನೊಂದು ಸಲ ಉಸಿರು ಎಳೆದುಕೊಂಡ. ಜನ ಬಂದರು. ಮೀನು ಹೋಯಿತು. ಮೊದಲ ಸುತ್ತು ಹೋಯಿತು, ಎರಡನೆಯದೂ ಹೋಯಿತು. ಆದರೆ ಪ್ರತಿಯೊಬ್ಬನೂ ಎಲೆಯ ತುದಿಯಲ್ಲಿ ಸುರಿದ ಬಿಳಿಯನ್ನು ನೋಡಿ "ಏನಿದು?" ಅನ್ನುತ್ತಿದ್ದ.

"ಗಟ್ಟಿ ಮೊಸರು. ಅದ್ಕೊಂಡು ತಿನ್ನಿ."

"ಮೀನಿಗಾ? ಬ್ಯಾಡಪ್ಪ. ಮಕ್ಳೊಂದಿಗ ನಾನು."

ಎಲೆಗಳು ಮಡಚಿಕೊಂಡು ಹೊರಗೆ ಬೀಳುತ್ತಿದ್ದವು, ಒಳಗೆ ಮೊಸರು ಹಾಗೇ. ನಾಯಿ ನೆಕ್ಕುತ್ತಿತ್ತು. ಮಾವ ನಾಯಿಯನ್ನು ಓಡಿಸದೆ ನೋಡುತ್ತ ಕೂತ. ಆ ನೋಟ ಬೆನ್ನಿಗೆ ತಾಗುತ್ತಿತ್ತು.

ಆಗ ಬಂದವನು ಜವರಪ್ಪ. ಹಿಂದೂಪುರದ ಲಾರಿ ಓಡಿಸುವವನು. ಮೊದಲು ಮಿಲಿಟರಿಯಲ್ಲಿ ಗಾಡಿ ಓಡಿಸುತ್ತಿದ್ದು ಯುದ್ಧ ಮುಗಿದ ವರ್ಷ ಬಿಟ್ಟು ಬಂದವನು. ಬೆಂಚಿನ ಮೇಲೆ ಕಾಲು ಮಡಚಿ ಕೂತು, "ಏನ್ ಗುರು, ಬೀದಿ ತುದೀಗಂಟ ಘಾಟು ಬಿಟ್ಟಿದ್ದೀಯ," ಅಂದ. ಎಲೆ ಬಂತು. ಬಿಳಿಯನ್ನು ನೋಡಿದ. "ಇದೇನ್ಲಾ, ಮೊಸರು? ನಮ್ಮವ್ವ ನೋಡಿದ್ರೆ ಪೊರಕೆ ತಗೋಳೋಳು." ಅನ್ನುತ್ತಲೇ ಒಂದು ತುಂಡನ್ನು ಪೂರ್ತಿ ಮುಳುಗಿಸಿ ಬಾಯಿಗೆ ಎಸೆದುಕೊಂಡ. ಸೊಣ್ಣಪ್ಪ ಅವನ ದವಡೆಯನ್ನೇ ನೋಡಿದ. ದವಡೆ ನಿಂತಿತು, ಕಣ್ಣು ಅಗಲವಾಯಿತು, ಮತ್ತೆ ಆಡಿತು. "ಥೂ ನಿನ್ನ," ಅಂದ ಜವರಪ್ಪ, ಪ್ರೀತಿಯಿಂದ, "ಇಷ್ಟ್ ದಿನ ಎಲ್ಲಿ ಮಡಗಿದ್ದೆ ಇದನ್ನ? ಇನ್ನೊಂದು ಎಲೆ ಹಾಕು. ಲೋ ಕಿಷ್ಣ, ಸುಮ್ಕೆ ತಿನ್ಲಾ, ನಂಗಿಂತ ಮೊದ್ಲು ಸಾಯ್ತೀಯಾ?" ಪಕ್ಕದಲ್ಲಿದ್ದ ಕ್ಲೀನರು ಹಲ್ಲು ಕಿರಿದು ಅದ್ದಿದ. ಅವನ ಪಕ್ಕದವನು ಅದ್ದಿದ. ಸೈಕಲ್ಲು ನಿಲ್ಲಿಸಿ ಬಂದ ಒಬ್ಬ ಮಗ್ಗದವನು ಬೆರಳ ತುದಿಯಲ್ಲಿ ಮುಟ್ಟಿ, ನೆಕ್ಕಿ, ಆಮೇಲೆ ಅದ್ದಿದ. ಸೊಣ್ಣಪ್ಪನಿಗೆ ಕಾವಲಿಯ ಝಳ ಮುಖಕ್ಕೆ ಹೊಡೆಯುತ್ತಿದ್ದದ್ದೇ ತಿಳಿಯಲಿಲ್ಲ. ಕೈ ತಾನಾಗಿ ಮಗುಚುತ್ತಿತ್ತು, ತಾನಾಗಿ ಎತ್ತುತ್ತಿತ್ತು. ಇವರೆಲ್ಲರ ಗಂಟಲಿನಲ್ಲಿ ಅವನ ಸಾಕ್ಷಿ ಇಳಿಯುತ್ತಿತ್ತು. ಗಲ್ಲಾದಿಂದ ಮಾವ ಮೊದಲ ಸಲ "ಸೊಣ್ಣಪ್ಪ" ಅಂತ ಪೂರ್ತಿ ಹೆಸರು ಹಿಡಿದು ಕೂಗಿ, "ಮೊಸರು ಮುಗೀತಾ ಬಂತು ನೋಡಪ್ಪ," ಅಂದ. ಅಪ್ಪ ಅಂದ.

"ಇದನ್ನ ಎಲ್ಲಿ ಕಲ್ತೆ ಗುರು?" ಜವರಪ್ಪ ಕೇಳಿದ, ಬೆರಳು ಚೀಪುತ್ತ.

"ಬೆಂಗ್ಳೂರಲ್ಲಿ. ಕ್ಲಬ್ಬಲ್ಲಿ ದೊಡ್ಡೋರು ತಿಂತಿದ್ರು. ನಾನೂ ತಿಂದಿದ್ದೀನಿ. ಏನೂ ಆಗಲ್ಲ."

"ಕ್ಲಬ್ಬಲ್ಲಾ? ಹಂಗಾದ್ರೆ ಅದು ಮೊಸರಲ್ಲ ಕಣೋ." ಜವರಪ್ಪ ನಕ್ಕ. "ಆಫೀಸರ್ ಮೆಸ್ಸಲ್ಲೂ ಮೀನಿಗೆ ಅದನ್ನೇ ಕೊಡ್ತಿದ್ರು, ನಾನು ಅಡಿಗೆಯೋನ ಪಕ್ಕ ನಿಂತ್ಕಂಡು ನೋಡಿದ್ದೀನಿ. ಮೊಟ್ಟೆ ಹಳದೀಗೆ ಎಣ್ಣೆ ಹನಿಹನಿ ಬಿಟ್ಕಂಡು ಕಡೀತಾ ಇದ್ರೆ ಬೆಳ್ಳಗೆ ಹಿಂಗೇ ಬರುತ್ತೆ. ಮೊಸರು ಗಿಸರು ಏನಿಲ್ಲ ಅದ್ರಲ್ಲಿ. ಅದ್ಕಿಂತ ನಿಂದೇ ವಾಸಿ ಬಿಡು."

ಸೊಣ್ಣಪ್ಪನೂ ನಕ್ಕ. ನಗು ಮುಖದ ಮೇಲೆ ಉಳಿಯಿತು, ಕೈ ಮಗುಚುತ್ತಲೇ ಇತ್ತು. ಮೊಟ್ಟೆ. ಎಣ್ಣೆ. ಹುಳಿ ಇತ್ತಲ್ಲ? ನಿಂಬೆಹುಳಿ ಇರಬಹುದು. ಬಚ್ಚಲಲ್ಲಿ ಬೆತ್ತಲೆ ನಿಂತು ಬೆರಳ ಸಂದಿ ಅಗಲಿಸಿ ನೋಡಿದ್ದೆಲ್ಲ ಮೊಟ್ಟೆ ತಿಂದದ್ದಕ್ಕೆ. ಇವರು ತಿನ್ನುತ್ತಿರುವುದು ಮೊಸರು. ಕ್ಲೀನರ ಹುಡುಗುಮೋರೆ, ಮಗ್ಗದವನ ಕೈ, ಆ ಕೈಯಲ್ಲಿ ಎಲೆಯ ಕೊನೆಯನ್ನು ಬಳಿದು ನೆಕ್ಕುತ್ತಿದ್ದಾನೆ. ತಾನು ಮಾತ್ರ ಮೀನಿನ ಜೊತೆ ಮೊಸರು ತಿಂದೇ ಇರಲಿಲ್ಲ.

"ಅಣ್ಣ," ಗೋಣಿತಾಟಿನ ಹಿಂದಿನಿಂದ ಕದಿರಮ್ಮ ಕರೆದಳು.

ಸುಟ್ಟ ತುಂಡುಗಳ ಎಲೆ ಕೈಯಲ್ಲೇ ಇತ್ತು. ಹಾಗೇ ಹೋದ. ಅವಳು ಮೊಸರಿನ ಎರಡನೆಯ ಮಡಕೆಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು, ಮುಖವೆಲ್ಲ ಬೆವರು, ಮುಖವೆಲ್ಲ ನಗು. "ಕೇಳಿಸ್ತು ಕಣೋ ಎಲ್ಲ. ತಿಂತಾವ್ರೆ ಅಲ್ವಾ? ಎಷ್ಟು ಜನ? ನಂಗೆ ಒಂದು ಕೊಡು, ಬೆಳಗ್ಗಿಂದ ಬರೀ ವಾಸನೇಲೇ ಬದುಕಿದ್ದೀನಿ." ಅನ್ನುತ್ತ ಎಲೆಯಿಂದ ಒಂದು ತುಂಡು ಎತ್ತಿ, ಮಡಕೆಗೆ ಅದ್ದಿ, ಬಾಯಿಗೆ ಒಯ್ದಳು. ಬಿಳಿಯ ಕೈಯಲ್ಲಿ ಒಯ್ದಳು. ಸೊಣ್ಣಪ್ಪ ಆ ಕೈಗೆ ಹೊಡೆದ.

ಹೊಡೆತ ಜೋರಾಗಿಯೇ ಬಿತ್ತು. ತುಂಡು ಹಾರಿ ಬೂದಿಯಲ್ಲಿ ಬಿತ್ತು. ಅವನ ಬಾಯಲ್ಲಿ "ಬ್ಯಾಡ, ನೀನ್ ಬ್ಯಾಡ," ಅನ್ನುವ ಮಾತು ಬಂದದ್ದು ಅವನಿಗೇ ಕೇಳಿಸಿತು, ಅವ್ವನ ದನಿಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳ ಮುಖದ ನಗು ಒಮ್ಮೆಗೇ ಹೋಗಲಿಲ್ಲ. ನಿಧಾನಕ್ಕೆ, ಅರ್ಥವಾದಷ್ಟೂ, ಇಳಿಯಿತು. ಅವನು ಎಷ್ಟು ವರ್ಷದಿಂದ ಏನನ್ನು ಸುಳ್ಳು ಸುಳ್ಳು ಅಂತ ಕೂಗಾಡಿಕೊಂಡು ಬಂದಿದ್ದನೋ ಅದನ್ನೇ ಒಳಗೊಳಗೆ ನಂಬಿಕೊಂಡೇ ಇದ್ದ ಅನ್ನುವುದು ಆ ಹೊಡೆತದಲ್ಲಿ ಇತ್ತು. ಅದು ಅವಳಿಗೆ ತಿಳಿದದ್ದು ಅವನಿಗೂ ತಿಳಿಯಿತು.

"ಊರೋರಿಗೆಲ್ಲ ತಿನ್ನಿಸ್ದೆ," ಅಂದಳು ಕದಿರಮ್ಮ. ದನಿ ಏರಲಿಲ್ಲ. "ನಂಗೆ ಬ್ಯಾಡ. ನಂಗಿನ್ನೇನ್ ಬರ್ಬೇಕಾಗೈತೆ ಅಣ್ಣ, ಹೊಸದಾಗಿ?"

"ಅದಲ್ಲ ಕದಿರಿ—"

"ನನ್ನನ್ನ ನೋಡ್ದಾಗ್ಲೆಲ್ಲ ನಿನ್ ತಪ್ಪು ನೋಡ್ತೀಯಲ್ಲ, ಸಾಕಾಗೈತೆ ನಂಗೆ. ನಾನು ತಪ್ಪಲ್ಲ. ಮನುಷ್ಯಳು. ಹಸಿವಾಗೈತೆ." ಇನ್ನೊಂದು ತುಂಡು ತೆಗೆದು, ಅದ್ದಿ, ಅವನ ಕಣ್ಣನ್ನೇ ನೋಡುತ್ತ ತಿಂದಳು. ಅಗಿದಳು. ನುಂಗಿದಳು. ತುಟಿಯ ಮೇಲೆ ಮೊಸರು ಉಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಅವನ ಕೈಯಿಂದ ಎಲೆ ಕಿತ್ತುಕೊಂಡು, ಮಡಕೆಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು, ಗೋಣಿತಾಟನ್ನು ತಲೆಯಿಂದಲೇ ತಳ್ಳಿ ಈಚೆಗೆ ನಡೆದಳು.

ಅವನು ಹಿಂದೆ ಹೋದ. ಹೋಗಿ ಕಾವಲಿಯ ಹಿಂದೆ ನಿಂತ, ಬೇರೆ ಎಲ್ಲಿ ನಿಲ್ಲಬೇಕೋ ತಿಳಿಯದೆ. ಮಾವ ಗಲ್ಲಾದಿಂದ ಅರ್ಧ ಎದ್ದು, ಅರ್ಧದಲ್ಲೇ ಉಳಿದ. ಮಗ್ಗದವನು ಅವಳ ಕೈ ನೋಡಿದ, ತನ್ನ ಎಲೆ ನೋಡಿದ, ಏನನ್ನೋ ಕೂಡಿಸಿ ಲೆಕ್ಕ ಹಾಕಿದವನ ಹಾಗೆ ಎದ್ದು ಹೊರಗೆ ಹೋಗಿ ಚರಂಡಿಗೆ ಉಗಿದು ಸೈಕಲ್ಲು ಹತ್ತಿದ. ಕ್ಲೀನರು ಜವರಪ್ಪನ ಮುಖ ನೋಡಿದ. ಕದಿರಮ್ಮ ಜವರಪ್ಪನ ಮುಂದೆಯೇ ನಿಂತು, ಎಲೆಯನ್ನು ಬೆಂಚಿನ ಮೇಲಿಟ್ಟು, ಬಿಳಿಯ ಕೈಯಿಂದಲೇ ಮಡಕೆಯೊಳಗಿನ ಸೌಟು ಹಿಡಿದು, "ಹಾಕ್ಲಾ?" ಅಂತ ಕೇಳಿದಳು. ಸೊಂಟದ ಮಡಕೆಗೆ ಮೆತ್ತಿದ್ದ ಮರಳು ಉದುರುತ್ತಿತ್ತು.

ಜವರಪ್ಪ ಅವಳನ್ನು ನೋಡಿದ. ಅವನೂ ಒಂದು ಕ್ಷಣ ಹಿಂಜರಿದ. ಸೊಣ್ಣಪ್ಪ ಅದನ್ನು ಕಂಡ. "ಖಾರ ರುಬ್ಬಿದ್ದು ನೀನೇನಮ್ಮ?" ಅಂದ ಜವರಪ್ಪ.

"ಹೂಂ. ದಿನಾನೂ ನಾನೇ. ಸಾರಿಗೂ."

"ಅಂಗಾದ್ರೆ ಇಷ್ಟ್ ವರ್ಷದಿಂದ ನಿನ್ ಕೈದೇ ತಿಂತಿದ್ದೀನಿ," ಅಂದ ಜವರಪ್ಪ, ಎಲೆಯನ್ನು ಮುಂದಕ್ಕೆ ನೂಕಿದ. "ಹಾಕು, ಧಾರಾಳವಾಗಿ ಹಾಕು. ಲೇ ಲಕ್ಷ್ಮಯ್ಯ, ಅಂಗ್ಯಾಕೆ ಬಗ್ಗಿ ನಿಂತಿದ್ದೀಯ, ಬೆನ್ನು ಹಿಡ್ಕಂತಾ? ಕೂತ್ಕೋ."

ಯಾರೋ ನಕ್ಕರು. ಮಾವ ಕೂತ. ಕ್ಲೀನರು ಎಲೆ ಚಾಚಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಂತೆಯವರಲ್ಲಿ ಇಬ್ಬರು ಒಳಗೆ ಬಂದರು, ಒಬ್ಬ ಹೋದ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅಂತ ಕದಿರಮ್ಮ ನೋಡಲಿಲ್ಲ, ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದಳು. ಮೊದಮೊದಲು ನೆಲ ನೋಡಿಕೊಂಡು, ಆಮೇಲೆ ಮುಖ ನೋಡಿ. ಯಾರೂ ಸೊಣ್ಣಪ್ಪನ ಕಡೆ ನೋಡುತ್ತಿರಲಿಲ್ಲ. ಬೇಕು ಬೇಕು ಅಂತ ಹಟ ಹಿಡಿದಿದ್ದ ಮುಂದಿನ ಒಲೆಯ ಹಿಂದೆ ಅವನು ಒಬ್ಬನೇ ಇದ್ದ. ನಾಚಿಕೆಯಿಂದ ಮೈ ಕಾವಲಿಗಿಂತ ಬಿಸಿಯಾಗಿತ್ತು. ಆ ಬಿಸಿಯೊಳಗೆ ಮತ್ತೇನೋ ಕುಪ್ಪಳಿಸುತ್ತಿತ್ತು, ಅದಕ್ಕೆ ಹೆಸರು ಸಿಗಲಿಲ್ಲ. ಅವಳು ಅವನನ್ನು ಬಿಡುಗಡೆ ಮಾಡಿರಲಿಲ್ಲ. ಅವನು ಕಟ್ಟಿಹಾಕಿದ್ದ ಜಾಗದಿಂದ ತಾನು ಎದ್ದು ಹೋಗಿದ್ದಳು, ಅಷ್ಟೆ. ಅವಳು ಬಡಿಸುತ್ತ ಹೋಗುವಾಗ ಚೆಲ್ಲಿದ ಮೊಸರು ಒಂದಿಷ್ಟು ಒಲೆಯ ಕಟ್ಟೆಯ ಮೇಲಿನ ಎಲೆಯಲ್ಲಿ ಬಿದ್ದಿತ್ತು.

ಕಾವಲಿಯ ಮೇಲಿನ ತುಂಡುಗಳು ಅಡಿ ಬಿಟ್ಟಿದ್ದವು. ಮಗುಚಿದ. ಒಂದನ್ನು ಬೆರಳಲ್ಲೇ ಎತ್ತಿದ, ಬೆರಳು ಸುಟ್ಟಿತು. ಮೊಸರಲ್ಲಿ ಒತ್ತಿದ. ಈ ಸಲ ಇದು ಮೊಸರೇ; ಹಾಲು ಕಾಸಿದವನು ಅವನು, ಹೆಪ್ಪು ಹಾಕಿದವನು ಅವನು, ಬಟ್ಟೆಯಲ್ಲಿ ಕಟ್ಟಿದವನೂ ಅವನೇ. ತುಟಿಯ ಹತ್ತಿರ ಕೈ ನಿಂತಿತು. ನಿಂತೇ ಇತ್ತು. ಆಚೆ ಬೆಂಚಿನಿಂದ ಕದಿರಮ್ಮ, ತಿರುಗಿಯೂ ನೋಡದೆ, ಹೋಟೆಲಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಅಣ್ಣ, ನಾಲ್ಕು ಎಲೆ, ಬಿಸೀದು. ಬೇಗ ಆಗ್ಲಿ."

ಬಾಯಿಗೆ ಹಾಕಿಕೊಂಡ. ಮೊದಲು ಬೆಂಕಿ, ಆಮೇಲೆ ತಂಪು. ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಏನೋ. ಹೊಸ ತುಂಡುಗಳನ್ನು ಕಾವಲಿಗೆ ಇಳಿಸುತ್ತ, ತುಂಬಿದ ಬಾಯಲ್ಲೇ, "ಬಂತು," ಅಂದ.